‘ಆಘಾತ’, ‘ಬದುಕುಳಿ’: ಐಸಿಯು ಸೇರಿದ ಗಾಯಾಳುಗಳ ಲೆಕ್ಕಕ್ಕೆ ಈ ಪದಗಳು ಹೊಂದುತ್ತವೆಯೇ?

ನಮಸ್ಕಾರ. ಒಂದು ವೈದ್ಯಕೀಯ ಬರಹ ತಿದ್ದಿಕೊಡುತ್ತೇನೆ ಅಂತ ಒಪ್ಪಿಕೊಂಡು ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ಅದು ಹೀಗಿದೆ: ‘ತೀವ್ರ ನಿಗಾ ಘಟಕದಲ್ಲಿ ತೀವ್ರ ಆಘಾತದ ರೋಗಿಗಳ ಬದುಕುಳಿಯುವಿಕೆ’.

ಏಳು ಪದ. ಯಾವುದೂ ತಪ್ಪಲ್ಲ. ಆದರೆ ಮನೆಯಲ್ಲಿ ಓದಿ ಹೇಳಿದಾಗ ಒಬ್ಬರು ‘ಹಾರ್ಟ್ ಅಟ್ಯಾಕ್ ಆದವರ ವಿಷಯಾನಾ?’ ಅಂದರು. ಇನ್ನೊಬ್ಬರು ಮನಸ್ಸಿಗೆ ಆಘಾತ ಆದವರು ಅಂದುಕೊಂಡರು. ಬರಹ ಇರುವುದು ವಾಹನ ಗುದ್ದಿ, ಎತ್ತರದಿಂದ ಬಿದ್ದು, ಮೈ ಜಜ್ಜಿಹೋದವರ ಬಗ್ಗೆ.

ಎಡವಟ್ಟು ಆಗಿರುವುದು ‘ಆಘಾತ’ದಿಂದ. ಇಂಗ್ಲಿಷಿನ ‘ಟ್ರಾಮಾ’ಗೆ ಬರೆದವರು ಹಾಕಿರುವ ಪದ ಅದು. ಟ್ರಾಮಾ ಅನ್ನುವುದು ಗ್ರೀಕ್ ಮಾತು, ಅದರ ಮೂಲ ಅರ್ಥ ಗಾಯ, ಅಷ್ಟೇ. ಸಂಸ್ಕೃತದ ಆಘಾತಕ್ಕೂ ಹೊಡೆತ ಅಂತಲೇ ಅರ್ಥ. ಹಾಗೆ ನೋಡಿದರೆ ಜೋಡಿ ಸರಿಯಾಗೇ ಇದೆ. ಆದರೆ ಕನ್ನಡದಲ್ಲಿ ಆಘಾತ ಈಗ ಬೇರೆ ಬೇರೆ ಕಡೆ ಕೆಲಸಕ್ಕೆ ಸೇರಿಕೊಂಡಿದೆ. ಹೃದಯಾಘಾತ, ವಿದ್ಯುದಾಘಾತ, ‘ಸುದ್ದಿ ಕೇಳಿ ಆಘಾತವಾಯಿತು’... ಮೈಗೆ ಬಿದ್ದ ಏಟಿಗೆ ‘ಅವನಿಗೆ ಆಘಾತ ಆಯ್ತು’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇಷ್ಟೇ ಆಗಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಒಳಗೆ ಈ ವಾಕ್ಯ ಸಿಕ್ಕಿತು: ‘ಆಘಾತದ ರೋಗಿಗಳಲ್ಲಿ ಆಘಾತ ಕಂಡುಬಂದರೆ ಸಾವಿನ ಅಪಾಯ ಹೆಚ್ಚು’. ಮೊದಲನೆಯದು ಟ್ರಾಮಾ, ಎರಡನೆಯದು ಶಾಕ್. ವೈದ್ಯರ ಬಾಯಲ್ಲಿ ಶಾಕ್ ಅಂದರೆ ಗಾಬರಿ ಅಲ್ಲ. ರಕ್ತ ಸೋರಿಹೋಗಿಯೋ ಬೇರೆ ಕಾರಣಕ್ಕೋ ಅಂಗಗಳಿಗೆ ಬೇಕಾದಷ್ಟು ರಕ್ತ, ಆಮ್ಲಜನಕ ತಲುಪದೇ ಇರುವ ಸ್ಥಿತಿ. ಎರಡಕ್ಕೂ ಒಂದೇ ಪದ ಹಾಕಿದರೆ ವಾಕ್ಯ ತನ್ನ ಬಾಲವನ್ನೇ ಕಚ್ಚಿಕೊಂಡಂತಾಗುತ್ತದೆ. ಶಾಕ್ ಅನ್ನು ‘ಶಾಕ್’ ಅಂತಲೇ ಬಿಟ್ಟು, ಟ್ರಾಮಾಗೆ ನಮ್ಮದೇ ಪದ ಹುಡುಕೋಣ ಅನ್ನಿಸುತ್ತಿದೆ.

‘ಗಾಯ’ ಸಾಕಾ? (ಗಾಯವೂ ‘ಘಾತ’ದ ತದ್ಭವವೇ. ಅಂದರೆ ಆಘಾತಕ್ಕೆ ಹತ್ತಿರದ ನೆಂಟ.) ನನಗೆ ಒಂದು ಅನುಮಾನ. ಗಾಯ ಅಂದ ತಕ್ಷಣ ಕಣ್ಣಿಗೆ ಕಾಣುವುದು ಹರಿದ ಚರ್ಮ, ಸುರಿಯುವ ರಕ್ತ. ಇಂಥವರಲ್ಲಿ ಜೀವ ತೆಗೆಯುವುದು ಎಷ್ಟೋ ಸಲ ಕಾಣದೇ ಇರುವುದು. ಗುಲ್ಮ (ಹೊಟ್ಟೆಯ ಎಡಬದಿಯ ಅಂಗ, ಸ್ಪ್ಲೀನ್) ಒಡೆದು ಹೊಟ್ಟೆ ತುಂಬ ರಕ್ತ ತುಂಬಿಕೊಂಡಿದ್ದರೂ ಹೊರಗೆ ಒಂದು ತರಚು ಗೆರೆ ಕೂಡ ಇಲ್ಲದಿರಬಹುದು. ಇದಕ್ಕೆ ನಮ್ಮಲ್ಲಿ ಎಷ್ಟು ಚೆಂದದ ಪದ ಇದೆ ನೋಡಿ: ಒಳಪೆಟ್ಟು. ಮೂಕೇಟು ಅಂತಲೂ ಇದೆ, ಏಟು ಬಿದ್ದಿದೆ ಆದರೆ ಬಾಯಿ ಬಿಡುವುದಿಲ್ಲ. ಒಳಗಿನದು, ಹೊರಗಿನದು ಎರಡನ್ನೂ ಹಿಡಿಯುವುದು ‘ಪೆಟ್ಟು’. ಹಾಗಾಗಿ ನನ್ನ ಮತ ‘ಭಾರಿ ಪೆಟ್ಟು’ ಕಡೆಗೆ. ಪುಸ್ತಕದ ಭಾಷೆಗೆ ಇದು ಹಗುರವಾಯಿತು ಅನ್ನುವವರು ಇದ್ದೀರಿ, ಗೊತ್ತು.

‘ತೀವ್ರ’ ಕೂಡ ಅಷ್ಟೇ. ಒಂದೇ ಸಾಲಿನಲ್ಲಿ ನಿಗಾ ತೀವ್ರ, ಪೆಟ್ಟೂ ತೀವ್ರ. ಎರಡನೆಯದು ಬರೀ ಬಣ್ಣದ ಮಾತಲ್ಲ, ಅದರ ಹಿಂದೆ ಅಂಕಿಯ ಲೆಕ್ಕ ಇದೆ. 1974ರಿಂದ ಬಳಕೆಯಲ್ಲಿರುವ ಒಂದು ಅಳತೆಯಲ್ಲಿ ಮೈಯನ್ನು ಆರು ಭಾಗ ಮಾಡಿ, ಒಂದೊಂದು ಪೆಟ್ಟಿಗೂ 1ರಿಂದ 6ರವರೆಗೆ ಅಂಕ ಕೊಡುತ್ತಾರೆ. ಬೇರೆ ಬೇರೆ ಭಾಗದ ಅತಿ ಕೆಟ್ಟ ಮೂರು ಪೆಟ್ಟುಗಳ ಅಂಕವನ್ನು ವರ್ಗ ಮಾಡಿ ಕೂಡುತ್ತಾರೆ. ತಲೆಗೆ 4, ಎದೆಗೆ 3, ಕಾಲಿಗೆ 3 ಅಂದರೆ 16, 9, 9, ಒಟ್ಟು 34. ಗರಿಷ್ಠ 75 (ಒಂದೇ ಒಂದು ಪೆಟ್ಟಿಗೆ 6 ಬಂದರೂ ಕೂಡುವ ಲೆಕ್ಕ ಬಿಟ್ಟು ನೇರವಾಗಿ 75 ಕೊಡುತ್ತಾರೆ). ಸಾಮಾನ್ಯವಾಗಿ 15 ದಾಟಿದರೆ ‘ಭಾರಿ’ ಲೆಕ್ಕ. ತಮಾಷೆ ಏನು ಅಂದರೆ ಈ ಅಳತೆಯಲ್ಲಿ ಯಾರಿಗೂ 15 ಅಂಕ ಬರುವುದೇ ಇಲ್ಲ! ಮೂರು ವರ್ಗ ಕೂಡಿದರೆ (ಪೆಟ್ಟಿಲ್ಲದ ಭಾಗಕ್ಕೆ 0) 14 ಬರುತ್ತದೆ, 16 ಬರುತ್ತದೆ, 15 ಬರುವುದಿಲ್ಲ. ಮಾಡಿ ನೋಡಿ.

‘ರೋಗಿ’ಗೆ ‘ಗಾಯಾಳು’ ಹಾಕಿದ್ದೇನೆ. ನಿನ್ನೆವರೆಗೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ರೋಗಿ ಹೇಗಾದಾರು? ಆದರೆ ಐಸಿಯು ಸೇರಿ ವಾರ ಕಳೆಯುವ ಹೊತ್ತಿಗೆ ಸೋಂಕು, ಕೈಕೊಡುವ ಕಿಡ್ನಿ, ವೆಂಟಿಲೇಟರ್‌ನಿಂದ ಬರುವ ನ್ಯುಮೋನಿಯಾ. ಆಗ ಗಾಯಾಳು ನಿಜಕ್ಕೂ ರೋಗಿಯಾಗಿರುತ್ತಾರೆ. ಬರಹದ ಮೊದಲ ಭಾಗಕ್ಕೆ ಒಂದು ಪದ, ಕೊನೆಗೆ ಇನ್ನೊಂದು ಇಟ್ಟರೆ ಗೊಂದಲವಾ?

ಈಗ ನನ್ನನ್ನು ಜಾಸ್ತಿ ಕಾಡುತ್ತಿರುವ ಪದಕ್ಕೆ ಬರುತ್ತೇನೆ: ‘ಬದುಕುಳಿ’.

ಬರೀ ‘ಉಳಿದರು’ ಅಂದರೆ ತೊಂದರೆ. ‘ಹತ್ತು ಮಂದಿ ತೀರಿಕೊಂಡರು, ಉಳಿದವರು...’ ಅಂದಾಗ ಉಳಿದವರು ಅಂದರೆ ಮಿಕ್ಕವರು. ಈ ಗೊಂದಲ ಬೇಡ ಅಂದರೆ ‘ಬದುಕುಳಿದವರು’ ಬೇಕೇ ಬೇಕು. ಒಪ್ಪಿದೆ. ‘ಬದುಕುಳಿಯುವಿಕೆ’ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಕನ್ನಡಕ್ಕೆ ಕ್ರಿಯಾಪದ ಇಷ್ಟ. ‘ಎಷ್ಟು ಮಂದಿ ಬದುಕುಳಿದರು’ ಅಂದರೆ ಆಯ್ತಲ್ಲ.

ಆದರೆ ಯಾವತ್ತಿನ ತನಕ ಬದುಕುಳಿದರು? ಲೆಕ್ಕ ಹಾಕುವವರು ಒಂದು ಗೆರೆ ಎಳೆಯುತ್ತಾರೆ. 28ನೇ ದಿನ, 30ನೇ ದಿನ, ಇಲ್ಲವೇ ಆಸ್ಪತ್ರೆ ಬಿಡುವ ದಿನ. ಆ ದಿನ ಉಸಿರು ಇದ್ದರೆ ಬದುಕುಳಿದವರು. ವೆಂಟಿಲೇಟರ್ ಮೇಲೇ ಇರಬಹುದು, ಪ್ರಜ್ಞೆಯೇ ಬಂದಿರದೆ ಇರಬಹುದು, ಪಟ್ಟಿಗೆ ಅದು ಬೇಕಿಲ್ಲ. ಮನೆಯವರ ಕಿವಿಯಲ್ಲಿ ಅದೇ ಪದ ‘ಪಾರಾದರು’ ಅಂತ ಕೇಳಿಸುತ್ತದೆ. ಪಾರು ಅಂದರೆ ಆಚೆ ದಡ, ದಾಟಿಯಾಗಿದೆ ಅಂತ ಅರ್ಥ. ‘ಗುಣವಾಯಿತು’ ಇನ್ನೂ ಮುಂದಿನದು. ‘ಚೇತರಿಸಿಕೊಂಡರು’ ಇವೆರಡರ ನಡುವೆ ಎಲ್ಲೋ. ಐಸಿಯುನಿಂದ ಹೊರಬಂದ ಮೇಲೂ ತಿಂಗಳುಗಟ್ಟಲೆ ಕೈಕಾಲಿಗೆ ಬಲ ಇಲ್ಲ, ನಿದ್ದೆ ಇಲ್ಲ, ನೆನಪು ಜಾರುತ್ತದೆ ಅನ್ನುವವರು ಬಹಳ. ಅವರನ್ನು ಏನೆನ್ನಬೇಕು? ಬದುಕುಳಿದವರು ಅಂತ ಅನ್ನಬಹುದು. ಗುಣವಾದವರು ಅಂತ ಅನ್ನಲಾರೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ವರ್ಷಗಳ ಹಿಂದೆ ನಮ್ಮವರೊಬ್ಬರು ಐಸಿಯುನಲ್ಲಿದ್ದರು. ಎರಡನೇ ದಿನ ಬೆಳಿಗ್ಗೆ ವೈದ್ಯರು ಬಾಗಿಲು ಸ್ವಲ್ಪ ತೆಗೆದು ‘ಸ್ಟೇಬಲ್ ಆಗಿದ್ದಾರೆ’ ಅಂದು ಒಳಗೆ ಹೋದರು. ಹೊರಗಿದ್ದ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು, ಅತ್ತೆ ‘ಪಾರಾದ್ರಂತೆ’ ಅಂತ ಫೋನ್ ಹಚ್ಚಿದರು. ಬಿ.ಪಿ., ನಾಡಿ ಸದ್ಯಕ್ಕೆ ಏರುಪೇರಾಗದೆ ನಿಂತಿವೆ ಅನ್ನುವುದಷ್ಟೇ ವೈದ್ಯರ ಮಾತಿನ ಅರ್ಥ ಅಂತ ಸಂಜೆ ತಿಳಿಯಿತು. ಪತ್ರಿಕೆಗಳು ಇದನ್ನು ‘ಸ್ಥಿತಿ ಸ್ಥಿರವಾಗಿದೆ’ ಅಂತ ಬರೆಯುತ್ತವೆ, ಅದೂ ಅಷ್ಟೇ ಮೋಸದ ಮಾತು. ‘ಸದ್ಯಕ್ಕೆ ಹಾಗೇ ಇದ್ದಾರೆ’ ಅಂದಿದ್ದರೆ ಆ ಫೋನ್ ಹೋಗುತ್ತಿರಲಿಲ್ಲ.

ಹೀಗೆಂದು ಎಲ್ಲ ಕಡೆ ಕನ್ನಡ ಸೋತಿದೆ ಅಂತಲ್ಲ. ಭಾರಿ ಪೆಟ್ಟು ಬಿದ್ದವರನ್ನು ಕೊಲ್ಲುವ ಮೂರು ಕೂಡಿಬರುವ ಕಾಟ ಇವೆ: ಮೈ ತಣ್ಣಗಾಗುವುದು, ರಕ್ತ ಹುಳಿಯಾಗುವುದು, ರಕ್ತ ಹೆಪ್ಪುಗಟ್ಟದೇ ಇರುವುದು. ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ. ಮೈ ತಣ್ಣಗಾದಷ್ಟೂ ಹೆಪ್ಪು ಕಟ್ಟುವುದಿಲ್ಲ, ಹೆಪ್ಪು ಕಟ್ಟದಿದ್ದರೆ ಇನ್ನಷ್ಟು ರಕ್ತ ಹೋಗುತ್ತದೆ. ಬರೆದವರು ‘ಅಲ್ಪೋಷ್ಣತೆ, ಆಮ್ಲಾಧಿಕ್ಯ, ಸ್ಕಂದನದೋಷ’ ಅಂತ ಹಾಕಿದ್ದರು. ಮೂರನ್ನೂ ಹೊಡೆದುಹಾಕಿ ತಣ್ಣಗೆ, ಹುಳಿ, ಹೆಪ್ಪು ಅಂತ ಬರೆದೆ. ಹಾಲಿಗೆ ಹೆಪ್ಪು ಹಾಕಿದವರಿಗೆಲ್ಲ ಅರ್ಥವಾಗುತ್ತದೆ. ಆದರೆ ‘ರಕ್ತ ಹುಳಿಯಾಗುವುದು’ ತೀರಾ ಅತಿಯಾಯಿತಾ? ರಕ್ತ ನಿಜಕ್ಕೂ ಹುಳಿ ಆಗುವುದಿಲ್ಲ, ಇರಬೇಕಾದಕ್ಕಿಂತ ಸ್ವಲ್ಪ ಆ ಕಡೆ ವಾಲುತ್ತದೆ ಅಷ್ಟೇ.

ಸದ್ಯಕ್ಕೆ ತಲೆಬರಹವನ್ನು ‘ಭಾರಿ ಪೆಟ್ಟು ಬಿದ್ದು ಐಸಿಯು ಸೇರಿದವರಲ್ಲಿ ಎಷ್ಟು ಮಂದಿ ಬದುಕುಳಿಯುತ್ತಾರೆ?’ ಅಂತ ಮಾಡಿದ್ದೇನೆ. ಪಟ್ಟಿಯಲ್ಲಿ ಒಂದು ಕಾಲಂ ಇನ್ನೂ ಖಾಲಿ ಇದೆ. 30ನೇ ದಿನ ಜೀವ ಇದೆ, ಆದರೆ ಇನ್ನೂ ಐಸಿಯುನಲ್ಲೇ ಇದ್ದಾರೆ. ಅದರ ನೆತ್ತಿಯ ಮೇಲೆ ಬರೆಯಲು ಒಂದೇ ಒಂದು ಪದ ಬೇಕು, ಎರಡಾದರೂ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ತಮ್ಮತಮ್ಮಲ್ಲಿ ಏನೆನ್ನುತ್ತೀರಿ?