ಸಹಾಯ ಬೇಕು: ತಿರುಗದ ನ್ಯಾನೋ ಆಯಸ್ಕಾಂತ ಎಷ್ಟು ಹೊತ್ತು ತೇಲಿ ನಿಲ್ಲುತ್ತದೆ?

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಎಂಎಸ್ಸಿ ಭೌತಶಾಸ್ತ್ರ ಓದುತ್ತಿದ್ದೇನೆ. ಆಯಸ್ಕಾಂತ ಕ್ಷೇತ್ರದಲ್ಲಿ ತೇಲುವ ನ್ಯಾನೋ ಕಣಗಳು ನನ್ನ ಪ್ರಾಜೆಕ್ಟ್ ವಿಷಯ. ಇದನ್ನು ಬಲ್ಲವರು ನಮ್ಮ ಕಡೆ ಸಿಗುತ್ತಿಲ್ಲ, ಅದಕ್ಕೇ ಗುಂಪಿನಲ್ಲಿ ಕೇಳುತ್ತಿದ್ದೇನೆ.

ಬದಲಾಗದ ಕ್ಷೇತ್ರದಲ್ಲಿ ಒಂದು ಕಾಯಂ ಆಯಸ್ಕಾಂತವನ್ನು ಸುಮ್ನೆ ತೇಲಿಸಿ ನಿಲ್ಲಿಸಲು ಆಗದು. 1842ರ ಅರ್ನ್‌ಶಾ ಪ್ರಮೇಯ ಹೇಳುವುದು ಅದನ್ನೇ. ಲೆವಿಟ್ರಾನ್ ಎಂಬ ಆಟಿಕೆಯ ಆಯಸ್ಕಾಂತ ಬುಗುರಿ ತೇಲುವುದು ತಿರುಗುವವರೆಗೆ ಮಾತ್ರ, ವೇಗ ತಗ್ಗಿದರೆ ಮಗುಚಿ ಬೀಳುತ್ತದೆ. ಗ್ರಾಫೈಟ್ ಚೂರು, 1997ರಲ್ಲಿ ತೇಲಿಸಿದ ಕಪ್ಪೆ, ಇವೆಲ್ಲ ಡಯಾಮ್ಯಾಗ್ನೆಟಿಕ್, ಅಂದರೆ ಆಯಸ್ಕಾಂತ ಕ್ಷೇತ್ರ ಮೆಲ್ಲಗೆ ದೂರ ತಳ್ಳುವ ವಸ್ತುಗಳು. ಅವುಗಳ ಲೆಕ್ಕ ಬೇರೆ.

ಆದರೆ ನ್ಯಾನೋ ಆಯಸ್ಕಾಂತ ತಿರುಗದೆಯೂ ನಿಲ್ಲಬಲ್ಲದು ಎಂದು 2017ರಲ್ಲಿ ಪ್ರಕಟವಾದ ಲೆಕ್ಕಗಳು ತೋರಿಸಿವೆ. ಅಲ್ಲಿ ಎಲೆಕ್ಟ್ರಾನ್‌ಗಳ ಸ್ಪಿನ್ನೇ (ಅವುಗಳಲ್ಲಿ ಸಹಜವಾಗಿಯೇ ಇರುವ ಕೋನೀಯ ಸಂವೇಗ) ಬುಗುರಿಯ ಕೆಲಸ ಮಾಡುತ್ತದೆ. ಎಷ್ಟು ಚೆಂದದ ವಿಚಾರ, ಅಲ್ವಾ! ಕಣದ ತ್ರಿಜ್ಯ ಅರ್ಧವಾದರೆ ಒಟ್ಟು ಸ್ಪಿನ್ 8ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಮೊಮೆಂಟ್ ಆಫ್ ಇನರ್ಷಿಯಾ (ತಿರುಗುವಿಕೆಗೆ ಕಣ ಒಡ್ಡುವ ಜಡತ್ವ) 32ರಲ್ಲಿ ಒಂದು ಪಾಲಿಗೆ. ಹಾಗಾಗಿ ಕಣ ಚಿಕ್ಕದಾದಷ್ಟೂ ಸ್ಪಿನ್ನಿನ ಹಿಡಿತ ಜಾಸ್ತಿ.

ನಾನು ಸಿಕ್ಕಿಕೊಂಡಿರುವುದು ಮುಂದಿನ ಹೆಜ್ಜೆಯಲ್ಲಿ. ಘರ್ಷಣೆಯೇ ಇಲ್ಲದ ಸಮೀಕರಣಗಳನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ನಿರ್ವಾತದಲ್ಲೂ ಉಳಿಯುವ ಅನಿಲದ ಅಣುಗಳ ಡಿಕ್ಕಿ, ಕಣದೊಳಗಿನ ಗಿಲ್ಬರ್ಟ್ ಡ್ಯಾಂಪಿಂಗ್ (ಆಯಸ್ಕಾಂತತೆಯ ಓಲಾಟವನ್ನು ತಗ್ಗಿಸುವ ಒಳಗಿನ ಘರ್ಷಣೆ), ಎರಡನ್ನೂ ಅದರಲ್ಲಿ ಒಟ್ಟಿಗೆ ಸೇರಿಸುವುದು ಹೇಗೆ? ಸೇರಿಸಿದ ಮೇಲೆ ಕಣ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯುವುದು ಹೇಗೆ?

ಇಂಥ ಲೆಕ್ಕ ಮಾಡಿದವರು ದಯವಿಟ್ಟು ಕಮೆಂಟ್‌ನಲ್ಲಿ ತಿಳಿಸಿ. ಕನ್ನಡದಲ್ಲೇ ವಿವರಿಸಿದರೆ ನನ್ನ ಜೂನಿಯರ್‌ಗಳಿಗೂ ಅನುಕೂಲ. ಹೈದರಾಬಾದ್ ನಮಗೆ ಹತ್ತಿರ, ಅಲ್ಲಿ ಯಾರಾದರೂ ಇದ್ದರೆ ಬಂದು ಕಲಿಯಲೂ ತಯಾರಿದ್ದೇನೆ.