ಉಗಾಂಡದ ಹಳ್ಳಿಗೆ ನೆರವು: ಟ್ರಸ್ಟ್ ಮಾಡಬೇಕಾ, ಹೀಗೇ ನಡೆಸಬೇಕಾ? ಅನುಭವ ಇದ್ದವರು ಹೇಳಿ

ಮೈಸೂರು ಗೃಹಿಣಿ:
ನಮ್ಮ ಯಜಮಾನರು ಜಿಂಜಾದಲ್ಲಿ ನಾಲ್ಕು ವರ್ಷ ಕೆಲಸದಲ್ಲಿದ್ದರು. ಆಗ ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಊರು ಇಗಾಂಗಾ ಕಡೆಯ ಒಂದು ಸಣ್ಣ ಹಳ್ಳಿ. ಆಕೆಯ ಮಗಳ ಫೀಸು ಕಟ್ಟಲು ಶುರು ಮಾಡಿದ್ದು, ಈಗ 14 ಮಕ್ಕಳಾಗಿದ್ದಾರೆ. ಹೋದ ವರ್ಷ ಶಾಲೆಯ ಅಂಗಳದ ಕೈಪಂಪನ್ನೂ ರಿಪೇರಿ ಮಾಡಿಸಿಕೊಟ್ಟೆವು. ಮೈಸೂರಿಗೆ ವಾಪಸ್ ಬಂದು ಎರಡು ವರ್ಷವಾಯಿತು, ಟರ್ಮಿಗೊಮ್ಮೆ ಇಲ್ಲಿಂದಲೇ ಹಣ ಕಳಿಸುತ್ತೇವೆ. ಈಗ ನೆಂಟರು, ಯಜಮಾನರ ಹಳೆಯ ಸಹೋದ್ಯೋಗಿಗಳು ಎಲ್ಲ ಸೇರಿ ಸುಮಾರು 40 ಜನ ನಾವೂ ಕೊಡುತ್ತೇವೆ ಅನ್ನುತ್ತಿದ್ದಾರೆ. ಬೇರೆಯವರ ದುಡ್ಡು ನನ್ನ ಖಾತೆಗೆ ಬರುವುದು ನನಗೆ ಸರಿ ಕಾಣುತ್ತಿಲ್ಲ. ಟ್ರಸ್ಟ್ ಮಾಡಿಸಬೇಕಾ? ಮಕ್ಕಳ ಪಟ್ಟಿಯನ್ನು ಹೆಡ್‌ಮಾಸ್ಟರ್ ಒಬ್ಬರೇ ಕಳಿಸುತ್ತಾರೆ, ಅದು ಸಾಕಾ? ಈಗ ಅವರು ಹಾಸ್ಟೆಲ್ ಕಟ್ಟಿಸಿಕೊಡಿ ಅನ್ನುತ್ತಿದ್ದಾರೆ, ಒಪ್ಪಬಹುದಾ?

ದಾವಣಗೆರೆ ಟು ಲೆಸ್ಟರ್:
ಮೇಡಂ, ನಾವು ಆರು ಮನೆಯವರು 2013ರಿಂದ ಮಲಾವಿಯ ಫಲೊಂಬೆ ಕಡೆಯ ಒಂದು ಹಳ್ಳಿ ನೋಡಿಕೊಳ್ಳುತ್ತಿದ್ದೇವೆ. ಒಂದೇ ಹಳ್ಳಿ. ಪಕ್ಕದ ಊರಿನ ಮುಖ್ಯಸ್ಥ ಎರಡು ಸಲ ಬಂದು ಕೇಳಿದರೂ ಆಗುವುದಿಲ್ಲ ಅಂದಿದ್ದೇವೆ, ಅದಕ್ಕೇ ಇವತ್ತಿಗೂ ಉಳಿದಿದ್ದೇವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಊಟ ಹಾಕಿ ಎಲೆಗೆ 8 ಪೌಂಡ್ ತೆಗೆದುಕೊಂಡು ಕೂಡಿಸಿದ ದುಡ್ಡು. ಬ್ರಿಟನ್ನಿನಲ್ಲಿ ದತ್ತಿ ಟ್ರಸ್ಟ್ ಆಗಿ ನೋಂದಣಿ ಆದ ಮೇಲೆ, ದಾನಕ್ಕೆ ಅಲ್ಲಿನ ಸರ್ಕಾರ ತೆರಿಗೆ ಹಣ ಸೇರಿಸುವ ಗಿಫ್ಟ್ ಏಡ್‌ನಲ್ಲಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದಲೂ ಬಂತು.

ಮೊದಲ ಬೋರ್‌ವೆಲ್‌ಗೆ 6,200 ಪೌಂಡ್ ಆಯಿತು. ಕೊರೆದವರು 48 ಮೀಟರ್ ಅಂತ ಬಿಲ್ ಕೊಟ್ಟರು. ನಮ್ಮಲ್ಲೊಬ್ಬರು ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಬಿಟ್ಟು ನೋಡಿದರೆ 39. ಒಂಬತ್ತು ಮೀಟರಿನ ದುಡ್ಡು ವಾಪಸ್ ಪಡೆಯಲು ಏಳು ತಿಂಗಳು ಪತ್ರ ಬರೆದೆವು, ಬಂದದ್ದು ಅರ್ಧ. ಪಂಪು ಅಫ್ರಿಡೆವ್ ಅನ್ನುವ ಮಾದರಿಯ ಕೈಪಂಪು. ಅದರ ಯು-ಸೀಲ್, ಬುಶ್ ಥರದ ಸವೆಯುವ ಭಾಗ ಎಲ್ಲ ಹಳ್ಳಿಯ ಹೆಂಗಸರೇ ಬದಲಾಯಿಸುತ್ತಾರೆ, ಹೊರಗಿನ ಮೆಕ್ಯಾನಿಕ್ ಬೇಡ. ಮನೆಮನೆಗೆ ಚಂದಾ ಎತ್ತಿ ರಿಪೇರಿ ನಿಧಿ ಮಾಡಿದ್ದರು. 2022ರ ಮೇನಲ್ಲಿ ಮಲಾವಿಯ ನಾಣ್ಯ ಕ್ವಾಚಾದ ಬೆಲೆ ಇಳಿಸಿದರು, ಡಾಲರಿಗೆ ಕೊಡಬೇಕಾದ ಕ್ವಾಚಾ ನೂರಕ್ಕೆ 25 ಏರಿತು, 2023ರ ನವೆಂಬರ್‌ನಲ್ಲಿ ಮತ್ತೆ 44. ಎಂಟು ವರ್ಷ ಆ ಹೆಂಗಸರು ಕೂಡಿಟ್ಟ ನಿಧಿಯಲ್ಲಿ ಕೊನೆಗೆ ಒಂದು ಸೆಟ್ ರಾಡ್ ಬರಲಿಲ್ಲ. ನಡುವೆ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ. ಕಟ್ಟೆ ಒಡೆದು ಬಾವಿಯೊಳಗೆ ಕೆಸರು ತುಂಬಿತು, ತೆಗೆಸಲು 1,150 ಪೌಂಡ್. ನಿಧಿಯನ್ನು ಪೌಂಡಿನಲ್ಲೇ ಇಡೋಣ ಅಂತ ಮೊದಲೇ ಹೇಳಿದ್ದ ಇಬ್ಬರು ಟ್ರಸ್ಟಿಗಳು ರಾಜೀನಾಮೆ ಕೊಟ್ಟು ಹೋದರು. ಇಪ್ಪತ್ತು ವರ್ಷದ ಸ್ನೇಹ. ಇವತ್ತಿಗೂ ಮಾತಿಲ್ಲ.

ವಿಜಾಪುರದಾಂವ:
ಅಕ್ಕಾರು ಕೇಳಿದ್ದು ಉಗಾಂಡ, ನೀವು ಹೇಳಿದ್ದು ಮಲಾವಿ. ಉಗಾಂಡದಾಗ ಹನ್ನೊಂದು ವರ್ಷ ಕೈಪಂಪಿನ ಕೆಲಸಾನ ಮಾಡೀನಿ. ಅಲ್ಲಿರೋದು ಯು-2, ಅಂದ್ರ ನಮ್ಮ ಇಂಡಿಯಾ ಮಾರ್ಕ್-2. ಅದರ ಮೂಲ ಸೊಲ್ಲಾಪುರ ಪಂಪು, ನಮ್ಮೂರಿಂದ ಎರಡು ತಾಸಿನ ದಾರಿ. ಪಂಪು ಗಟ್ಟಿ ಐತಿ, ಕೆಡೋದು ಪೈಪು. ಅಲ್ಲಿ ಭಾಳ ಕಡೆ ನೀರಿಗೆ ಹುಳಿ ಗುಣ. ಜಿಐ ಪೈಪು, ಅಂದ್ರ ಸತು ಬಳಿದ ಕಬ್ಬಿಣದ ಪೈಪು ಇಳಿಸಿದ್ರ ಎರಡ್ಮೂರು ವರ್ಷದಾಗ ಜಂಗು ತಿಂದು ತೂತು ಬೀಳ್ತಾವ. ನೀರು ಕೆಂಪಗ ಬರ್ತದ, ಅನ್ನಕ್ಕ ಬಣ್ಣ ಹಿಡೀತದ, ಹೆಣ್ಮಕ್ಕಳು ಪಂಪು ಬಿಟ್ಟು ಮತ್ತ ಹಳ್ಳದ ನೀರಿಗೆ ಹೋಗ್ತಾರ.

ನಾ ಹೇಳೋದು ಕೇಳಿದ ಮಾತಲ್ಲ. ನನ್ನ ಸ್ವಂತ ಪಗಾರದಾಗ ಒಂದು ಹಳ್ಳಿಗೆ ಬಾವಿ ಮಾಡಿಸಿದೆ. ರೊಕ್ಕ ಉಳಸಾಕಂತ ಜಿಐ ಹಾಕಿದೆ, ಮೂರು ಮೀಟರಿನ ಒಂಬತ್ತು ಪೈಪು. ಮೂರನೇ ವರ್ಷ ಎತ್ತಿದಾಗ ಕೆಳಗಿನ ನಾಕು ಕೈಯಾಗ ಪುಡಿಯಾದ್ವು. ಸ್ಟೇನ್‌ಲೆಸ್ ಹಾಕಾಕ 36 ಲಕ್ಷ ಶಿಲ್ಲಿಂಗ್ ಹೋತು. ಆ ಊರಿನ ಮುದುಕಿ ಒಬ್ಬಾಕಿ ಕೆಂಪು ನೀರಿನ ಜೆರಿಕ್ಯಾನ್ ತಂದು ನನ್ನ ಮುಂದ ಇಟ್ಟು ಏನೂ ಮಾತಾಡಲಿಲ್ಲ. ಅದನ್ನ ಮರೀಲಿಕ್ಕೆ ಆಗವಲ್ದು. ನೀರಿನ ಹುಳಿ ಅಳಿಯೋ ಪಿಎಚ್ 6.5ಕ್ಕಿಂತ ಕೆಳಗಿದ್ರ, ಅಂದ್ರ ಹುಳಿ ಹೆಚ್ಚಿದ್ರ, ಜಿಐ ಮುಟ್ಟಬ್ಯಾಡ್ರಿ. ಅಕ್ಕಾರ, ನೀವು ಹಾಕಿಸಿದ ಪೈಪು ಯಾವುದು?

ದಾವಣಗೆರೆ ಟು ಲೆಸ್ಟರ್:
ಅಫ್ರಿಡೆವ್‌ನಲ್ಲಿ ಪ್ಲಾಸ್ಟಿಕ್ ಪೈಪು, ತುಕ್ಕಿನ ಪ್ರಶ್ನೆಯೇ ಇಲ್ಲ. ಪಿಸ್ಟನ್ ಅದರೊಳಗಿಂದಲೇ ಮೇಲೆ ಬರುತ್ತದೆ. ನಿಮ್ಮ ಮಾರ್ಕ್-2ರಲ್ಲಿ ವಾಷರ್ ಬದಲಾಯಿಸಲೂ ಪೈಪೆಲ್ಲ ಎತ್ತಬೇಕು.

ವಿಜಾಪುರದಾಂವ:
45 ಮೀಟರ್ ದಾಟಿದ್ರ ನಿಮ್ಮ ಅಫ್ರಿಡೆವ್ ಕೈ ಎತ್ತತದ. ಹಗ್ಗ ಬಿಟ್ಟು ಅಳದವರಿಗೆ ಇದು ಗೊತ್ತಿರಬೇಕಿತ್ತು.

ಉಡುಪಿ ನರ್ಸ್:
ಪಂಪಿನ ಜಗಳ ಆಮೇಲೆ ಮಾಡಿ. ಹಾಸ್ಟೆಲ್ ಅಂದ ಕೂಡಲೇ ನನಗೆ ಕೈ ನಡುಗಿತು.

2011ರಲ್ಲಿ ಪಶ್ಚಿಮ ಕೀನ್ಯಾದಲ್ಲಿ ನಾವು ನಾಲ್ವರು ನರ್ಸುಗಳು ಮಕ್ಕಳ ಮನೆ ಮಾಡಿದೆವು. 22 ಮಂಚ, 22 ಹಾಸಿಗೆ, 44 ಹೊದಿಕೆ. ಅಡುಗೆಯವಳು, ಮೇಟ್ರನ್, ರಾತ್ರಿ ಕಾವಲುಗಾರ, ಮೂವರ ಸಂಬಳ ತಿಂಗಳಿಗೆ 41,000 ಶಿಲ್ಲಿಂಗ್, ಎಂ-ಪೆಸಾ ಅನ್ನುವ ಮೊಬೈಲ್ ಹಣದಲ್ಲಿ ಕಳಿಸುತ್ತಿದ್ದೆವು. ಅನಾಥ ಮಕ್ಕಳು ಅಂತ ಹೇಳಿದರು, ನಂಬಿದೆವು. ಐದು ವರ್ಷದ ಮೇಲೆ ಒಂದೊಂದೇ ಮನೆ ಹುಡುಕಿಕೊಂಡು ಹೋದಾಗ ತಿಳಿದದ್ದು: 22ರಲ್ಲಿ 17 ಮಕ್ಕಳಿಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಬದುಕಿದ್ದರು. ನಮ್ಮಲ್ಲಿ ಊಟವಿದೆ, ಫೀಸಿದೆ ಅಂತ ತಂದು ಬಿಟ್ಟಿದ್ದರು. ಒಬ್ಬಳು ಅಜ್ಜಿ ಪ್ರತೀ ಭಾನುವಾರ ಸುಕುಮಾ ಸೊಪ್ಪಿನ ಕಟ್ಟು ಹಿಡಿದು ಗೇಟಿನ ಹೊರಗೆ ನಿಲ್ಲುತ್ತಿದ್ದಳು. ತರಕಾರಿ ಮಾರುವವಳು ಅಂದುಕೊಂಡಿದ್ದೆ ನಾನು. ಒಳಗೆ ಅವಳ ಮೊಮ್ಮಗಳು ನನ್ನನ್ನು ಅಮ್ಮ ಅನ್ನುತ್ತಿದ್ದಳು.

2017ರಲ್ಲಿ ಕೀನ್ಯಾ ಸರ್ಕಾರ ಹೊಸ ಮಕ್ಕಳ ಗೃಹಗಳ ನೋಂದಣಿಯನ್ನೇ ನಿಲ್ಲಿಸಿತು. ನಾವು 2019ರೊಳಗೆ ಎಲ್ಲರನ್ನೂ ಮನೆಗೆ ಕಳಿಸಿದೆವು. ಒಂದು ಮಗುವಿಗೆ ಮನೆಯಲ್ಲೇ ಕೊಟ್ಟರೆ ಬೀಳುವ ಖರ್ಚು ಮಕ್ಕಳ ಮನೆಯ ಖರ್ಚಿನ ಮೂರನೇ ಒಂದು ಭಾಗವೂ ಇಲ್ಲ. ದುಡ್ಡು ಕೊಟ್ಟವರಲ್ಲಿ ಅರ್ಧ ಜನ ಬಿಟ್ಟುಹೋದರು, ಅವರಿಗೆ ಸಾಲಾಗಿ ನಿಂತ ಮಕ್ಕಳ ಫೋಟೋ ಬೇಕಿತ್ತು.

ಸಿಎ, ಜಯನಗರ:
ಕಾನೂನಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇಲ್ಲಿ ಟ್ರಸ್ಟ್ ಮಾಡಿ ಹೊರದೇಶದಲ್ಲಿ ಖರ್ಚು ಮಾಡಿದರೆ ಆ ಹಣಕ್ಕೆ ತೆರಿಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ, ಸಿಬಿಡಿಟಿ (ಕೇಂದ್ರದ ನೇರ ತೆರಿಗೆ ಮಂಡಳಿ) ಆದೇಶ ಬೇಕು. ನಾನೇ ಟ್ರಸ್ಟಿಯಾಗಿದ್ದ ಸಂಸ್ಥೆ ಟಾಂಜಾನಿಯಾದ ಒಂದು ಶಾಲೆಗೆ 4,80,000 ರೂಪಾಯಿ ಖರ್ಚು ಮಾಡಿತ್ತು. ಮೂರು ವರ್ಷದ ಮೇಲೆ ನೋಟಿಸ್. ಬಡ್ಡಿ ಸೇರಿ 1,90,000 ಕಟ್ಟಿದೆವು, ಐದು ಜನ ಟ್ರಸ್ಟಿಗಳು ಕೈಯಿಂದ. 14 ಸಲ ಕಚೇರಿಗೆ ಓಡಾಡಿದ್ದು ನಾನೊಬ್ಬನೇ, ಯಾಕೆಂದರೆ ಸಿಎ ನಾನು, ಮೊದಲೇ ಗೊತ್ತಿರಬೇಕಿತ್ತಲ್ಲ ಅಂತ ಎಲ್ಲರೂ ಅಂದರು.

ಕೃಷ್ಣಾ ತೀರ, ರಾಯಚೂರು:
ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಕಳಿಸಿದರೆ ಜೈಲೇ. ಅದಿರಲಿ, ದೇವದುರ್ಗದಲ್ಲಿ ಮಕ್ಕಳಿಲ್ಲವಾ? ಫ್ಲೋರೈಡ್ ನೀರು ಕುಡಿದು ಹಲ್ಲು ಹಾಳಾದ ಮಕ್ಕಳಿಗೆ ನಾನು ಐದು ವರ್ಷದಿಂದ ಸಂಜೆ ಶಾಲೆ ನಡೆಸುತ್ತಿದ್ದೇನೆ. ವಿದೇಶದ ಕನ್ನಡಿಗರಿಗೆ 63 ಪತ್ರ ಬರೆದೆ. ಉತ್ತರ ಬಂದದ್ದು ನಾಲ್ಕು, ದುಡ್ಡು ಬಂದದ್ದು ಒಂದು. ನಿಮಗೆಲ್ಲ ಆಫ್ರಿಕಾ ಕಾಣುತ್ತದೆ, ರಾಯಚೂರು ಕಾಣುವುದಿಲ್ಲ.

ಸಿಎ, ಜಯನಗರ:
ಎಫ್‌ಸಿಆರ್‌ಎ ಒಳಗೆ ಬರುವ ಹಣಕ್ಕೆ ಸ್ವಾಮಿ, ಹೊರಗೆ ಹೋಗುವುದಕ್ಕಲ್ಲ. ಗೊತ್ತಿಲ್ಲದೆ ಹೆದರಿಸಬೇಡಿ. ವ್ಯಕ್ತಿಯಾಗಿ, ಹೊರದೇಶಕ್ಕೆ ಹಣ ಕಳಿಸಲು ಆರ್‌ಬಿಐ ಮಾಡಿದ ಯೋಜನೆ ಎಲ್‌ಆರ್‌ಎಸ್‌ನಲ್ಲಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ದಾನವೂ ಅದರಲ್ಲೇ ಬರುತ್ತದೆ. 10 ಲಕ್ಷ ರೂಪಾಯಿ ದಾಟಿದರೆ ಮಾತ್ರ 20% ಟಿಸಿಎಸ್, ಅಂದರೆ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ.

ಉಡುಪಿ ನರ್ಸ್:
ರಾಯಚೂರಿನವರೇ, ಕೀನ್ಯಾದ ಆ ಊರು ನಾನು ಕೆಲಸ ಮಾಡಿದ ಊರು, ನನಗೆ ಅನ್ನ ಕೊಟ್ಟ ಊರು. ಆ ಋಣ ತೀರಿಸುವುದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ.

ಕೃಷ್ಣಾ ತೀರ, ರಾಯಚೂರು:
17 ಮಕ್ಕಳನ್ನು ಅವರ ಮನೆಯಿಂದ ಬಿಡಿಸಿದವರು ಋಣದ ಮಾತಾಡಬೇಡಿ.

ಉಡುಪಿ ನರ್ಸ್:
ತಪ್ಪು ನಾನೇ ಬರೆದುಕೊಂಡೆ. ನೀವು ಅದನ್ನೇ ಎತ್ತಿ ನನಗೆ ಹೊಡೆಯುತ್ತಿದ್ದೀರಿ.

ಕಂಪಾಲದಲ್ಲಿದ್ದವ:
ಹೆಡ್‌ಮಾಸ್ಟರ್ ವಿಷಯ ಹೇಳುತ್ತೇನೆ. ನಾವು 31 ಮಕ್ಕಳಿಗೆ ಕಟ್ಟುತ್ತಿದ್ದೆವು. 2020ರ ಮಾರ್ಚ್‌ನಲ್ಲಿ ಉಗಾಂಡದ ಶಾಲೆಗಳು ಮುಚ್ಚಿದವು. ನಡುವೆ ಕೆಲವು ತರಗತಿಗಳಿಗೆ ತೆರೆದು ಮತ್ತೆ ಮುಚ್ಚಿ, ಎಲ್ಲರಿಗೂ ತೆರೆದದ್ದು 2022ರ ಜನವರಿಗೆ. ಆ ಅವಧಿಯಲ್ಲೂ ಎರಡು ಟರ್ಮಿನ ಪಟ್ಟಿ, ರಸೀದಿ ಬಂದವು. ನಾವು 58 ಲಕ್ಷ ಶಿಲ್ಲಿಂಗ್ ಕಳಿಸಿದ್ದೆವು. ತೆರೆದಾಗ ವಾಪಸ್ ಬಂದದ್ದು 12 ಮಕ್ಕಳು. ಹುಡುಗರು ಕಬ್ಬು ಕಡಿಯಲು, ಬೋಡಾ (ಬಾಡಿಗೆ ಬೈಕು) ಓಡಿಸಲು ಹೋಗಿದ್ದರು. ಪಟ್ಟಿಯ ಎಂಟನೇ ನಂಬರಿನ ಹುಡುಗಿಯ ಕಂಕುಳಲ್ಲಿ ಮಗುವಿತ್ತು.

ದುಡ್ಡೆಲ್ಲಿ ಅಂತ ಹೆಡ್‌ಮಾಸ್ಟರನ್ನು ಫೋನಿನಲ್ಲೇ ಕೇಳಿದೆ, ಕಳ್ಳ ಅಂತಲೂ ಅಂದೆ. ಆಮೇಲೆ ಗೊತ್ತಾಯಿತು, ಸಂಬಳವಿಲ್ಲದೆ ಕೂತಿದ್ದ ಒಂಬತ್ತು ಮೇಷ್ಟ್ರುಗಳಿಗೆ ಪೋಷೋಗೆ ಬಳಸುವ ಮೆಕ್ಕೆಜೋಳದ ಹಿಟ್ಟು, ಬೀನ್ಸ್ ಹಂಚಿದ್ದರು. ಲೆಕ್ಕದ ಪುಸ್ತಕವೂ ಇತ್ತು.

ಸಿಎ, ಜಯನಗರ:
ಉದ್ದೇಶ ಬೇರೆ, ಖರ್ಚು ಬೇರೆ. ಅದು ದುರುಪಯೋಗವೇ.

ಕಂಪಾಲದಲ್ಲಿದ್ದವ:
ಆ ಮೇಷ್ಟ್ರುಗಳು ಉಪವಾಸವಿದ್ದರು ಸಾರ್.

ಮೈಸೂರು ಗೃಹಿಣಿ:
ನಿನ್ನೆ ರಾತ್ರಿ ಜಿಂಜಾದಲ್ಲಿ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಗೆ ಫೋನ್ ಮಾಡಿ 14 ಹೆಸರೂ ಓದಿದೆ. 12 ಮನೆ ಗೊತ್ತು ಅಂದಳು. ಇಬ್ಬರು ಆ ಹಳ್ಳಿಯವರೇ ಅಲ್ಲವಂತೆ. ಹೆಡ್‌ಮಾಸ್ಟರ್ ಹತ್ತಿರ ಹೇಗೆ ಕೇಳಲಿ?

ವಿಜಾಪುರದಾಂವ:
ಅಕ್ಕಾರ, ಹಂಗ ಪೈಪಿಂದೂ ಕೇಳ್ರಿ. ನೀರಿನ ಬಣ್ಣ ಹೆಂಗೈತಿ ಅಂತ ಅಷ್ಟ ಕೇಳಿದ್ರೂ ಸಾಕು.

ಕಂಪಾಲದಲ್ಲಿದ್ದವ:
ಫೋನಿನಲ್ಲಿ ಕೇಳಬೇಡಿ. ಟಿಕೆಟ್ ಮಾಡಿಸಿ ಹೋಗಿ, ಆ ಇಬ್ಬರು ಮಕ್ಕಳ ಮನೆ ತೋರಿಸಿ ಅನ್ನಿ. ನಮ್ಮ ಹೆಡ್‌ಮಾಸ್ಟರ್ ಆ ಫೋನಿನ ಮರುದಿನವೇ ಶಾಲೆ ಬಿಟ್ಟರು. ಈಗ ಎಲ್ಲಿದ್ದಾರೋ ಆ ಊರಿನವರಿಗೂ ಗೊತ್ತಿಲ್ಲ.