ಸ್ಕಾಲರ್‌ಶಿಪ್ ಇಲ್ಲ, ಹತ್ತರಲ್ಲಿ ಒಂದೇ ಗೆಲುವು: ಅಣ್ಣನ ಮಗ ಅಮೆರಿಕನ್ ಫುಟ್‌ಬಾಲ್ ಬಿಡಬೇಕಾ?

ತೋಟದಮನೆ_ಹೊಸನಗರ

ನಮಸ್ಕಾರ. ಇದು ಅಡಿಕೆ ಧಾರಣೆಯ ಪ್ರಶ್ನೆ ಅಲ್ಲ. ಆದರೆ ಅಮೆರಿಕದಲ್ಲಿ ಓದಿ ಬಂದವರು, ಮಕ್ಕಳಿಗೆ ಆಟ ಕಲಿಸಿದವರು ಇಲ್ಲಿ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ನಮ್ಮ ಅಣ್ಣ ಮಿನ್ನೆಸೋಟಾಕ್ಕೆ ಹೋಗಿ ಇಪ್ಪತ್ತೈದು ವರ್ಷ ಆಯಿತು. ಅವನ ಮಗ ಅಲ್ಲೇ ಒಂದು ಸಣ್ಣ ಕಾಲೇಜಿನಲ್ಲಿ ಮೂರನೇ ವರ್ಷ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕಿಕ್ಕರ್. ಚೆಂಡು ಒದ್ದು ಎರಡು ಕಂಬಗಳ ನಡುವೆ ದಾಟಿಸುವುದಷ್ಟೇ ಅವನ ಕೆಲಸ. ತಂಡ ಟಚ್‌ಡೌನ್ ಮಾಡಿದರೆ 6 ಅಂಕ, ಆಮೇಲೆ ಇವನು ಒದ್ದು ದಾಟಿಸಿದರೆ ಇನ್ನೊಂದು. ಟಚ್‌ಡೌನ್ ಆಗುವ ಹಾಗೆ ಕಾಣದಿದ್ದರೆ ದೂರದಿಂದಲೇ ಒದೆಯಲು ಇವನನ್ನು ಕರೆಯುತ್ತಾರೆ. ಅದು ಫೀಲ್ಡ್ ಗೋಲ್, 3 ಅಂಕ.

ಅವರದು ಡಿವಿಷನ್ 3. ಟಿವಿಯಲ್ಲಿ ಬರುವ ದೊಡ್ಡ ಕಾಲೇಜುಗಳ ಆಟ ಬೇರೆ, ಇದು ಬೇರೆ. ಸೆಪ್ಟೆಂಬರ್ ಮೊದಲ ವಾರದಿಂದ ನವೆಂಬರ್ ನಡುವಿನ ತನಕ ಶನಿವಾರಕ್ಕೊಂದರಂತೆ 10 ಆಟ. ಕಾಲೇಜಿನವರೇ ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರೆ, ಕಾಮೆಂಟರಿ ಹೇಳುವವರೂ ಅಲ್ಲಿನ ಹುಡುಗರೇ. ಈ ಸಲ ಹತ್ತೂ ಆಟ ನೋಡಿದ್ದೇನೆ.

ಅಲ್ಲಿ ಶನಿವಾರ ಮಧ್ಯಾಹ್ನ 1 ಗಂಟೆ ಅಂದರೆ ನಮಗೆ ರಾತ್ರಿ 11.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ, ಅಲ್ಲಿಂದಾಚೆ 12.30. ಅದೇ ಹೊತ್ತಿಗೆ ಇಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಲು. ಹಗಲು ಮರ ಹತ್ತುವ ಕೊನೆಗೌಡ ಇಳಿಸಿದ್ದನ್ನು ರಾತ್ರಿಯೇ ಸುಲಿದು ಮುಗಿಸಿದರೆ ಬೆಳಿಗ್ಗೆ ಬೇಯಿಸಲು ಹಂಡೆಗೆ ಹಾಕಬಹುದು. ಅಂಗಳದ ದೀಪದ ಕೆಳಗೆ ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ, ಅಡಿಕೆ ಡಬ್ಬಕ್ಕೆ ಒರಗಿಸಿ ನನ್ನ ಮೊಬೈಲು. ಮೊದಲೆರಡು ವಾರ ಯಾರಿಗೂ ಏನೂ ತಿಳಿಯಲಿಲ್ಲ. ಈಗ ಮೂರನೇ ಸಲಕ್ಕೂ ಹತ್ತು ಗಜ ಮುಂದೆ ಹೋಗಲಿಲ್ಲ ಅಂದರೆ ಸುಲಿಯಲು ಬರುವ ಗಿರಿಜಕ್ಕನೇ "ಹುಡುಗನ್ನ ಕರೀತಾರೆ ನೋಡಿ" ಅನ್ನುತ್ತಾರೆ. ಅಷ್ಟು ಹೊತ್ತು ಎಲ್ಲರ ಕೈಯೂ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಬಂದಿದ್ದ. ಚೆಂಡು ಜೊತೆಗೇ ತಂದಿದ್ದ, ಒದೆಯಲು ಕಂಬ ಬೇಕಿತ್ತು. ನಮ್ಮ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ. ಗದ್ದೆ ಕಡೆಯ ಸಾಲಿನಲ್ಲಿ ಹಿಂದಿನ ಮಳೆಗಾಲದ ಗಾಳಿಗೆ ಒಂದು ಮರ ಮುರಿದು ಬಿದ್ದಿತ್ತು. ಅದರ ಆಚೆ ಈಚೆ ಮರಗಳ ನಡುವೆ 18 ಅಡಿ. ಅವನು ಟೇಪು ಹಿಡಿದು ಅಳೆದು, "ಅತ್ತೆ, ನಮ್ಮ ಕಂಬ 18 ಅಡಿ 6 ಇಂಚು. ಇಲ್ಲಿ ಕಲಿತರೆ ಅಲ್ಲಿ ಸುಲಭ" ಅಂದ. ಒಣಗಿದ ಗದ್ದೆಯಲ್ಲಿ ನಿಂತು ದಿನಾ ಬೆಳಿಗ್ಗೆ ಐವತ್ತು ಸಲ ಒದೆಯುತ್ತಿದ್ದ. ಬಸಿಗಾಲುವೆಗೆ ಬಿದ್ದ ಚೆಂಡು ಹೆಕ್ಕಿ ತರುವುದು ನನ್ನ ಕೆಲಸ.

ಇನ್ನು ಕೊನೆಯ ಆಟ. ಆ ಹೊತ್ತಿಗೆ ಒಂದು ಗೆದ್ದು ಎಂಟು ಸೋತಿದ್ದರು. 21–20ರಲ್ಲಿ ಒಂದು ಅಂಕ ಹಿಂದೆ. ಆ 20ರಲ್ಲಿ 8 ಇವನ ಕಾಲಿನದು, ಎರಡು ಫೀಲ್ಡ್ ಗೋಲ್, ಟಚ್‌ಡೌನ್ ಆದಮೇಲಿನ ಎರಡು ಕಿಕ್. ಉಳಿದದ್ದು 6 ಸೆಕೆಂಡ್. ಚೆಂಡು ಗೋಲ್ ಗೆರೆಯಿಂದ 17ನೇ ಗಜದಲ್ಲಿ. ಒದೆಯುವವನು ಅಲ್ಲಿಂದ 7 ಗಜ ಹಿಂದೆ, ಕಂಬ ಗೋಲ್ ಗೆರೆಯಿಂದ 10 ಗಜ ಆಚೆ, ಒಟ್ಟು 34 ಗಜ. ಅವನು ಎಷ್ಟೋ ಸಲ ಹೊಡೆದ ದೂರ. ಮಂಡಿಯೂರಿ ಚೆಂಡು ಹಿಡಿಯುವ ಹುಡುಗನ ಕೈಗೆ ಅದು ಸರಿಯಾಗಿಯೇ ಬಂತು. ಚೆಂಡು ಹಿಂದಕ್ಕೆ ಬಂದು, ನೆಟ್ಟು, ಒದೆಯುವ ತನಕ ಎಲ್ಲಾ ಸೇರಿ ಒಂದೂಕಾಲು ಸೆಕೆಂಡು ಇರಬಹುದು. ಎತ್ತರ ಇತ್ತು, ದೂರ ಇತ್ತು, ಎಡಕ್ಕೆ ಹೋಯಿತು. ಎಡಗಡೆ ಕಂಬದ ಹೊರಗೆ ಒಂದು ಮೊಳ.

ಸೋತರು. ಕ್ಯಾಮೆರಾ ಹಾಗೇ ಓಡುತ್ತಿತ್ತು. ಇವನು ಹುಲ್ಲಿನ ಮೇಲೆ ಕೂತುಬಿಟ್ಟ. ಕೊನೆಯ ವರ್ಷದ ಒಬ್ಬ ದೊಡ್ಡ ಆಳಿನ ಹುಡುಗ ಬಂದು ಹೆಲ್ಮೆಟ್ ತೆಗೆದು, ಇವನ ಪಕ್ಕ ತಾನೂ ಕೂತ. ಎಬ್ಬಿಸಲಿಲ್ಲ, ಸುಮ್ಮನೆ ಕೂತ. ಅದು ಆ ಹುಡುಗನ ಜೀವನದ ಕೊನೆಯ ಆಟ.

ಮರುದಿನ ಫೋನು ಬಂತು. "ಅತ್ತೆ, ಬಿಟ್ಟುಬಿಡಲಾ?" ಅಣ್ಣ ಮೊದಲಿಂದಲೂ ಬಿಡು ಅಂತಲೇ ಹೇಳುತ್ತಿದ್ದಾನೆ. ನಾಳಿದ್ದು ಕೆಲಸ ಹುಡುಕಬೇಕು, ಈ ಆಟದಿಂದ ಒಂದು ಡಾಲರ್ ಸಹಾಯ ಇಲ್ಲ, ಮುಂದೆ ವೃತ್ತಿ ಅಂತೂ ಇಲ್ಲ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಇವನಿಗೆ ಇನ್ನು ಒಂದೇ ವರ್ಷ ಇದೆ. ನಾನು ಏನು ಹೇಳಲಿ?

---

ತೀರ್ಥಹಳ್ಳಿ_ಬೆಂಗಳೂರು

ಅಕ್ಕಾ, ನಾನು ಇಂಡಿಯಾನಾದಲ್ಲಿ ಎಂ.ಎಸ್. ಮಾಡಿದವನು. ಮೊದಲು ಮೆಟ್ಟಿಲುಗಳ ವಿಚಾರ ಹೇಳುತ್ತೇನೆ. ಮೇಲಿನ ಡಿವಿಷನ್ 1ರ ದೊಡ್ಡ ತಂಡಗಳಿಗೆ ಬಹಳ ಕಾಲ 85 ಸ್ಕಾಲರ್‌ಶಿಪ್ ಇತ್ತು, ಈಗ ಅಲ್ಲಿ ಲೆಕ್ಕವೇ ಬದಲಾಗಿ ಆಟಗಾರರಿಗೆ ನೇರ ಹಣವೂ ಬರುತ್ತಿದೆ. ಡಿವಿಷನ್ 2ರಲ್ಲಿ 36 ಸ್ಕಾಲರ್‌ಶಿಪ್ಪಿನಷ್ಟು ಹಣವನ್ನು ತಂಡದವರಿಗೆಲ್ಲ ಹಂಚುತ್ತಾರೆ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ, ನಿಯಮವೇ ಹಾಗೆ. ಓದಿಗೆ, ಮನೆಯ ಪರಿಸ್ಥಿತಿಗೆ ತಕ್ಕ ಸಹಾಯ ಬೇರೆ. ನಿಮ್ಮ ಅಣ್ಣ ಹೇಳಿದ್ದು ಸರಿ.

ಆದರೆ ಆ ಆಟದ ಹತ್ತಿರ ಒಂದು ಸಲ ನಿಂತವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಕ್ರಾಫರ್ಡ್ಸ್‌ವಿಲ್ ಅಂತ ಒಂದು ಊರು, ಅಲ್ಲಿ ವಾಬಾಶ್ ಕಾಲೇಜು. ಹತ್ತಿರದ ಗ್ರೀನ್‌ಕ್ಯಾಸಲ್‌ನಲ್ಲಿ ಡಿಪಾ. ಎರಡೂ ಡಿವಿಷನ್ 3. 1890ರಿಂದ ಆಡುತ್ತಿದ್ದಾರೆ. ಗೆದ್ದವರಿಗೆ ಸಿಗುವುದು ಮೋನಾನ್ ರೈಲ್ವೆಯ ಒಂದು ಎಂಜಿನ್ ಗಂಟೆ, ಸುಮಾರು 300 ಪೌಂಡ್ ತೂಕ. 1932ರಿಂದ ಅದಕ್ಕೋಸ್ಕರ ಬಡಿದಾಡುತ್ತಾರೆ. ಲ್ಯಾಬ್‌ಮೇಟ್ ಒಬ್ಬ ಕರೆದುಕೊಂಡು ಹೋಗಿದ್ದ. ಎಪ್ಪತ್ತು ದಾಟಿದ ಒಬ್ಬರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಗಂಟೆ ಬಡಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅವರೂ ಅಲ್ಲೇ ಆಡಿದ್ದವರಂತೆ.

ನೀವು ಕಾಲೇಜು ಹುಡುಗರ ಕಾಮೆಂಟರಿ ಅಂದಿರಲ್ಲ. 2007ರ ಅಕ್ಟೋಬರ್ 27ರಂದು ಟೆಕ್ಸಾಸಿನ ಟ್ರಿನಿಟಿ, ಮಿಸಿಸಿಪ್ಪಿಯ ಮಿಲ್‌ಸಾಪ್ಸ್ ವಿರುದ್ಧ ಎರಡೇ ಸೆಕೆಂಡು ಉಳಿದಾಗ ಚೆಂಡನ್ನು ಹಿಂದಕ್ಕೆ ಹಿಂದಕ್ಕೆ 15 ಸಲ ಕೈ ಬದಲಾಯಿಸಿ 28–24ಕ್ಕೆ ಗೆದ್ದಿತು. ಅದನ್ನು ಲೋಕ ನೋಡಿದ್ದು ಅಂಥದೇ ಸಣ್ಣ ಪ್ರಸಾರದಿಂದ.

ಇನ್ನು ಒಂದು ಅಂಕದ ಸೋಲು. 2023ರಲ್ಲಿ ಡಿವಿಷನ್ 3ರ ಫೈನಲ್, ಸ್ಟ್ಯಾಗ್ ಬೌಲ್ ಅನ್ನುತ್ತಾರೆ. ಹಿಂದಿನ ವರ್ಷದ ಚಾಂಪಿಯನ್ ನಾರ್ತ್ ಸೆಂಟ್ರಲ್ ಕೊನೆಯಲ್ಲಿ ಟಚ್‌ಡೌನ್ ಮಾಡಿ 37–38ಕ್ಕೆ ಬಂದಿತ್ತು. ಒದ್ದರೆ ಸಮ. ಅವರು ಗೆಲ್ಲಲೇಬೇಕು ಅಂತ ಒದೆಯದೆ, ಚೆಂಡನ್ನು ಮತ್ತೆ ಗೆರೆ ದಾಟಿಸಿ ಎರಡು ಅಂಕ ಪಡೆಯಲು ಹೋದರು, ಆಗಲಿಲ್ಲ, ಕಾರ್ಟ್‌ಲ್ಯಾಂಡ್ ಗೆದ್ದಿತು. ಅದೇ ನಾರ್ತ್ ಸೆಂಟ್ರಲ್ ಮರುವರ್ಷ ಮತ್ತೆ ಚಾಂಪಿಯನ್. ಹುಡುಗನಿಗೆ ಇದನ್ನು ಹೇಳಿ.

---

ಸಾಗರ_ಸಿಎ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಅಕ್ಕ. ಫೀಸು ಕಟ್ಟುತ್ತಿರುವವರು ನಿಮ್ಮ ಅಣ್ಣ. ಆಗಸ್ಟಿನಲ್ಲೇ ಅಭ್ಯಾಸ ಶಿಬಿರ ಶುರುವಾಗುತ್ತದೆ, ಕೊನೆಯ ವರ್ಷದಲ್ಲಿ ಇಂಟರ್ವ್ಯೂಗಳ ಹೊತ್ತಿಗೇ ಆಟಗಳೂ ಬರುತ್ತವೆ. ಪೆಟ್ಟಿನ ವಿಷಯವೂ ಇದೆ. ಅಯೋವಾದ ಗ್ರಿನ್ನೆಲ್ ಕಾಲೇಜಿನವರು 2019ರಲ್ಲಿ ಮೂರು ಆಟ ಆಡಿದ ಮೇಲೆ ಉಳಿದ ಏಳನ್ನೂ ಕೈಬಿಟ್ಟರು. ಗಾಯಗಳಿಂದ ಆಡುವವರೇ ಕಡಿಮೆಯಾಗಿ, ಇನ್ನು ಅಪಾಯ ಅಂತ ಆಟಗಾರರೇ ತೀರ್ಮಾನಿಸಿದ್ದರು. ಸೋಲುವ ಸಣ್ಣ ತಂಡಗಳಲ್ಲಿ ಹೀಗೆ ಆಗುತ್ತದೆ. ಅವನ ತಂಡದಲ್ಲಿ ಎಷ್ಟು ಜನ ಇದ್ದಾರೆ ಅಂತ ಮೊದಲು ಕೇಳಿ.

---

ಭದ್ರಾವತಿ_ಪಿಟಿ_ಮೇಷ್ಟ್ರು

ಅಮ್ಮಾ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತನಾದವನು ನಾನು. ಕಬಡ್ಡಿ, ಖೋ ಖೋ, ವಾಲಿಬಾಲ್. ಜಿಲ್ಲಾ ಕೂಟಕ್ಕೆ ಶಿವಮೊಗ್ಗದ ನೆಹರೂ ಸ್ಟೇಡಿಯಂಗೆ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕ ಇಲ್ಲ. ಬಹುಪಾಲು ಸಲ ಸೋತೇ ಬಂದಿದ್ದೇವೆ. ವಾಪಸು ಬರುವ ಬಸ್ಸಿನಲ್ಲಿ ಯಾವ ಹುಡುಗ ಯಾರ ಪಕ್ಕ ಕೂತ ಅಂತ ನೋಡುತ್ತಿದ್ದೆ. ನಿಮ್ಮ ಬರಹದಲ್ಲಿ ಆ ದೊಡ್ಡ ಹುಡುಗ ಪಕ್ಕದಲ್ಲಿ ಕೂತದ್ದು ಓದಿ ಕಣ್ಣು ತುಂಬಿತು.

ಪೆಟ್ಟಿನ ಬಗ್ಗೆ ಸಿಎ ಅವರು ಹೇಳಿದ್ದು ಒಪ್ಪುತ್ತೇನೆ. ಆದರೆ ಅದೇ ಮಿನ್ನೆಸೋಟಾದಲ್ಲಿ ಸೇಂಟ್ ಜಾನ್ಸ್ ಅಂತ ಡಿವಿಷನ್ 3 ವಿಶ್ವವಿದ್ಯಾಲಯ ಇದೆ. ಅಲ್ಲಿ ಜಾನ್ ಗಲಿಯಾರ್ಡಿ 1953ರಿಂದ 2012ರ ತನಕ ಕೋಚ್ ಆಗಿದ್ದರು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದು ನಿಷೇಧ. ಸೀಟಿ ಊದುತ್ತಿರಲಿಲ್ಲ. ಹುಡುಗರು ಅವರನ್ನು ಕೋಚ್ ಅಂತ ಕರೆಯುವ ಹಾಗಿಲ್ಲ, ಜಾನ್ ಅಂತಲೇ ಕರೆಯಬೇಕು. ಹಾಗೆ ಕಲಿಸಿ 489 ಆಟ ಗೆದ್ದರು. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ, ದೊಡ್ಡ ಕಾಲೇಜುಗಳಲ್ಲೂ ಇಲ್ಲ. ಸೀಟಿ ಊದಿ ಊದಿ ಮಕ್ಕಳನ್ನು ಓಡಿಸಿದ ನನಗೆ ಅವರ ವಿಷಯ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಅದೇ ರಾಜ್ಯದಲ್ಲೇ ಮ್ಯಾಕಲೆಸ್ಟರ್ ಅಂತ ಇನ್ನೊಂದು ಕಾಲೇಜು. 1974ರಿಂದ 1980ರ ತನಕ ಸತತ 50 ಆಟ ಸೋತರು. ಸರಣಿ ಮುರಿದದ್ದು ಹೇಗೆ ಗೊತ್ತಾ? 1980ರಲ್ಲಿ, 17–14, ಕೊನೆಯ ಸೆಕೆಂಡುಗಳಲ್ಲಿ ಒದ್ದ ಫೀಲ್ಡ್ ಗೋಲಿನಿಂದ. ಒಬ್ಬ ಕಿಕ್ಕರ್‌ನಿಂದ. ಆ ಐವತ್ತರ ನಡುವೆ ಬಂದು, ಒಂದೂ ಗೆಲ್ಲದೆ ಓದು ಮುಗಿಸಿ ಹೋದ ಹುಡುಗರಿದ್ದರು. ಅವರು ಆಡಿ ತಂಡವನ್ನು ಉಳಿಸಿಕೊಂಡಿದ್ದಕ್ಕೇ ತಾನೇ ಕೊನೆಗೆ ಒದೆಯಲು ಒಂದು ತಂಡ ಇತ್ತು?

ಇನ್ನೊಂದು ಮಾತು. ನಮ್ಮ ವಾಲಿಬಾಲ್ ಐವತ್ತಾದರೂ ಆಡಬಹುದು. ಊರ ಹಬ್ಬದಲ್ಲಿ ನೆಟ್ ಕಟ್ಟಿದರೆ ನಾನು ಈಗಲೂ ಇಳಿಯುತ್ತೇನೆ. ಈ ಆಟ ಹಾಗಲ್ಲ. ಹನ್ನೊಂದು ಹನ್ನೊಂದು ಜನ, ಹೆಲ್ಮೆಟ್ಟು, ಭುಜದ ಕವಚ, ಡಾಕ್ಟರು, ಅಂಪೈರುಗಳು ಎಲ್ಲಾ ಬೇಕು. ಕಾಲೇಜು ಮುಗಿದ ದಿನ ಅವರಲ್ಲಿ ಬಹುತೇಕ ಎಲ್ಲರಿಗೂ ಆಟವೂ ಮುಗಿಯಿತು. ನಾಲ್ಕು ವರ್ಷಕ್ಕೆ ನಲವತ್ತು ಶನಿವಾರ. ನಿಮ್ಮ ಹುಡುಗನ ಹತ್ತಿರ ಇನ್ನು ಹತ್ತು ಇವೆ.

---

ತೋಟದಮನೆ_ಹೊಸನಗರ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನ ಅಡಿಕೆ ಬೇಯಿಸುವುದರಲ್ಲಿ ಇತ್ತಕಡೆ ಬರಲು ಆಗಲಿಲ್ಲ. ಮೋಡ ಇತ್ತು, ಬೇಯಿಸಿದ್ದನ್ನೆಲ್ಲ ಅಟ್ಟಕ್ಕೆ ಏರಿಸಬೇಕಾಯಿತು.

ಸಿಎ ಅವರೇ, ನೀವು ಹೇಳಿದ ಹಾಗೆ ಕೇಳಿದೆ. ತಂಡದಲ್ಲಿ 70 ಚಿಲ್ಲರೆ ಜನ ಇದ್ದಾರಂತೆ, ತೊಂದರೆ ಇಲ್ಲ. ಇಂಟರ್ವ್ಯೂ ವಿಷಯ ನನಗೂ ಚಿಂತೆಯೇ. ಅದನ್ನೂ ಹೇಳಿದ್ದೇನೆ.

ಮೇಷ್ಟ್ರೇ, ನಿಮ್ಮ ಹತ್ತು ಶನಿವಾರದ ಮಾತು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಾನೇ ಕೇಳಿದೆ, "ಅಣ್ಣಾ, ನೀನು ಈ ಸಲ ಎಷ್ಟು ಆಟಕ್ಕೆ ಹೋಗಿದ್ದೆ?" ಒಂದು ಅಂದ. ಮನೆಯಿಂದ ಕಾಲೇಜಿಗೆ ಕಾರಿನಲ್ಲಿ ಎರಡು ಗಂಟೆ ದಾರಿ. ಅವನನ್ನು ದೂರಲು ಕೇಳಿದ್ದಲ್ಲ. ನಾನು ಇಲ್ಲಿಂದ ಹತ್ತೂ ನೋಡಿದೆ, ಗಿರಿಜಕ್ಕನೂ ನೋಡಿದರು, ಅವನು ಕೂತಾಗ ಹತ್ತಿರ ಹೋಗುವ ಹಾಗಿರಲಿಲ್ಲ ನಮಗೆ. ಅಣ್ಣನಿಗೆ ಆ ಅವಕಾಶ ಇದೆ, ಅಷ್ಟೇ ಹೇಳಿದೆ. ಬರುವ ಸೆಪ್ಟೆಂಬರಿನ ಪಟ್ಟಿ ಬಂದರೆ ಕಳಿಸು ಅಂತ ಮಗನಿಗೆ ಮೆಸೇಜು ಹಾಕಿದ್ದಾನಂತೆ.

ಹುಡುಗನಿಗೆ ಮ್ಯಾಕಲೆಸ್ಟರ್ ಕಥೆ ಹೇಳಿದೆ. ಆ ಕಾಲೇಜು ಗೊತ್ತು, ಈ ಸಂಗತಿ ಗೊತ್ತಿರಲಿಲ್ಲವಂತೆ. ಆಡುತ್ತೇನೆ ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಮೇ ತಿಂಗಳಲ್ಲಿ ಮೂರು ವಾರ ಬರುತ್ತೇನೆ, ಆ ಎರಡು ಮರ ಹಾಗೇ ಇವೆಯಾ ಅಂತ ಕೇಳಿದ. ಇವೆ ಅಂದೆ. ನಡುವಿನ ಗುಂಡಿಗೆ ಈ ಸಲ ಸಸಿ ಇಡಬೇಕು ಅಂತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಬ್ಬಿಸಿ ಇಟ್ಟಿದ್ದೆ, ಅದನ್ನು ಮೇಲಿನ ಸಾಲಿಗೆ ಹಾಕಿಸಿದೆ. ಇನ್ನೊಂದು ವರ್ಷ ಆ ಜಾಗ ಖಾಲಿ ಇರಲಿ.

ಅವನು ಬಿಟ್ಟು ಹೋದ ಚೆಂಡು ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಬೆಚ್ಚಗಿದೆ, ಗಾಳಿ ಮಾತ್ರ ಇಳಿದಿದೆ. ಅದಕ್ಕೆ ಬೇರೆ ಪಂಪು ಬೇಕಾ ಮೇಷ್ಟ್ರೇ?

---

ಭದ್ರಾವತಿ_ಪಿಟಿ_ಮೇಷ್ಟ್ರು

ಬೇಡಮ್ಮಾ. ವಾಲಿಬಾಲ್‌ಗೆ ಹಾಕುವ ಸೂಜಿಯೇ ಸಾಕು. ಸೂಜಿಗೆ ಒಂದು ತೊಟ್ಟು ನೀರು ಹಚ್ಚಿ ನೇರವಾಗಿ ಇಳಿಸಿ, ಓರೆ ಮಾಡಿದರೆ ಒಳಗಿನ ಬ್ಲಾಡರ್ ಹರಿಯುತ್ತದೆ. ಗಾಳಿ 13 ಪೌಂಡ್ ಇರಲಿ, ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ನೋಡಿಸಿ. ಏಪ್ರಿಲ್ ಕೊನೆಗೆ ಹಾಕಿದರೆ ಸಾಕು, ಅಲ್ಲಿಯ ತನಕ ಒಲೆಯ ಶಾಖದಿಂದ ದೂರ ಇಡಿ.